ಹುಲ್ಲುಹಾಸಿನ ತುಂತುರು ಮತ್ತು ಮೋಟಾರಿನ ಮೋಹ

ಬೇಸಗೆ ಕಾಲಿಡುತ್ತಿದ್ದಂತೆಯೇ ಬೆಂಗಳೂರಿನ ಬಡಾವಣೆಗಳಲ್ಲಿ, ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸನ್ನು ಬೆಳೆಸಿಕೊಂಡಿರುವ ಗೃಹಸ್ಥರಿಂದ ಕೇಳಿಬರುವ ದೂರೊಂದುಂಟು: ಕಳೆದ ವರ್ಷ ಛತ್ರಿಯಂತೆ ಅರಳಿ ನೀರು ಚಿಮ್ಮಿಸುತ್ತಿದ್ದ ಸ್ಪ್ರಿಂಕ್ಲರುಗಳು ಈಗ ತಮ್ಮ ಬುಡವನ್ನಷ್ಟೇ ತೊಯಿಸಿ ಸುಮ್ಮನಾಗುತ್ತಿವೆ. ಇದಕ್ಕೆ ಅಂಗಡಿಯಾತನು ಸೂಚಿಸುವ ಪರಿಹಾರ ಸಾಮಾನ್ಯವಾಗಿ ಒಂದೇ, ಇನ್ನಷ್ಟು ಅಶ್ವಶಕ್ತಿಯ ಮೋಟಾರು. ಕಾರಣವನ್ನು ಶೋಧಿಸದೆ ಬಲವನ್ನು ಮಾತ್ರ ವೃದ್ಧಿಸಹೊರಡುವ ಈ ಉಪಾಯವು ಬಹುಪಾಲು ವೃಥಾ ವ್ಯಯವೆಂದೂ, ಕೆಲವೊಮ್ಮೆ ನೆರೆಹೊರೆಯವರಿಗೆ ಎಸಗುವ ಅಪಕಾರವೆಂದೂ ನನ್ನ ದೃಢವಾದ ಅಭಿಪ್ರಾಯ.

ಮೊದಲು ನೋಡತಕ್ಕದ್ದು ಕ್ಷೀಣತೆ ಎಲ್ಲಿದೆಯೆಂಬುದನ್ನು. ಒಂದೇ ಒಂದು ತಲೆ ಸೊರಗಿದ್ದರೆ ಅದರ ನಾಜಲಿನ ಕೆಳಗಿರುವ ಪುಟ್ಟ ಜಾಲರಿಯಲ್ಲಿ ಮರಳೋ, ಗಡಸು ಬೋರ್‌ವೆಲ್ ನೀರಿನ ಸುಣ್ಣದ ಹೊಪ್ಪಳಿಕೆಯೋ ಕಟ್ಟಿಕೊಂಡಿರುವುದೇ ಹೆಚ್ಚು. ವಿನಿಗರಿನಲ್ಲಿ ನೆನೆಯಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಪ್ರಾಯಶಃ ಸಾಕು. ಒಂದು ಸ್ಥಳದಿಂದ ಮುಂದಿನವೆಲ್ಲ ಸೊರಗಿ, ನಡುವೆ ಎಲ್ಲೋ ನೆಲ ಸದಾ ಕೆಸರಾಗಿದ್ದರೆ ಅಲ್ಲಿ ಪೈಪು ಒಡೆದಿದೆ. ಎಲ್ಲವೂ ಏಕಪ್ರಕಾರವಾಗಿ ಸೊರಗಿದ್ದಲ್ಲಿ ಮಾತ್ರ ದೃಷ್ಟಿಯನ್ನು ಮೂಲದ ಕಡೆಗೆ, ಎಂದರೆ ಫಿಲ್ಟರು, ಗೇಟ್ ವಾಲ್ವು ಮತ್ತು ಪಂಪಿನ ಕಡೆಗೆ ತಿರುಗಿಸಬೇಕು. ತೊಟ್ಟಿ ತೊಳೆದ ದಿನ ವಾಲ್ವನ್ನು ಮುಚ್ಚಿ, ಆಮೇಲೆ ಅರೆಬರೆ ತೆರೆದು ಮರೆತುಹೋಗುವ ಮನೆಗಳು ನಮ್ಮಲ್ಲಿ ವಿರಳವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಲ್ವು ಮುಕ್ಕಾಲು ಪಾಲು ಮುಚ್ಚಿದ್ದರೂ, ಮುಂದಿನ ನಲ್ಲಿಗಳೆಲ್ಲ ಬಂದಾಗಿರುವ ಹೊತ್ತಿನಲ್ಲಿ ಒತ್ತಡಮಾಪಕದ ಮುಳ್ಳು ಪೂರ್ಣ ಒತ್ತಡವನ್ನೇ ತೋರಿಸುತ್ತದೆ. ನೀರು ಹರಿಯತೊಡಗಿದಾಗಲಷ್ಟೇ ಕೊಳವೆಯ ಇಕ್ಕಟ್ಟು ಪ್ರಕಟವಾಗುವುದು. ಹರಿಯುವ ನೀರಿನ ಪ್ರಮಾಣ ಇಮ್ಮಡಿಯಾದರೆ ಘರ್ಷಣೆಯಿಂದಾಗುವ ನಷ್ಟವು ಇಮ್ಮಡಿಗೆ ನಿಲ್ಲದೆ ಮೂರೂವರೆ ಪಟ್ಟನ್ನು ಮೀರುತ್ತದೆ. ಅದೇ ಪ್ರಮಾಣದ ನೀರನ್ನು ಒಂದಂಗುಲದ ಪೈಪಿನ ಬದಲು ಅರ್ಧ ಅಂಗುಲದ್ದರಲ್ಲಿ ನೂಕಿದರೆ ನಷ್ಟ ಮೂವತ್ತು ಪಟ್ಟಿನ ಸಮೀಪಕ್ಕೆ ಏರುತ್ತದೆ. ಕಿರಿದಾದ ಪೈಪಿಗೆ ಹಿರಿದಾದ ಮೋಟಾರನ್ನು ಜೋಡಿಸಿದವರು ಕರೆಂಟು ಬಿಲ್ಲಿನಲ್ಲಿ ತೆರುವುದು ಮುಖ್ಯವಾಗಿ ಈ ಘರ್ಷಣೆಯ ಬೆಲೆಯನ್ನು.

ಓವರ್‌ಹೆಡ್ ಟ್ಯಾಂಕಿನಿಂದಲೇ ನೇರವಾಗಿ ಹುಲ್ಲಿಗೆ ನೀರು ಕೊಡುವವರ ಕಷ್ಟವು ಬೇರೆ ಬಗೆಯದು. ಹತ್ತು ಮೀಟರು ಎತ್ತರದ ನೀರು ಕೊಡಬಲ್ಲದ್ದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನೆಲದಿಂದ ಮೇಲೆದ್ದು ಚಿಮ್ಮುವ ಸಾಧಾರಣ ಸ್ಪ್ರಿಂಕ್ಲರು ಬಯಸುವುದು ಎರಡು ಕಿಲೋ. ಎರಡಂತಸ್ತಿನ ಮನೆಯ ತಾರಸಿಯಿಂದ ಈ ಅಂತರ ತುಂಬುವುದೇ ಇಲ್ಲ. ಅಂಥವರು ಪ್ಲಂಬರನನ್ನು ನಿಂದಿಸುವುದಕ್ಕಿಂತ ರಬ್ಬರ್ ಪೈಪನ್ನು ಕೈಗೆತ್ತಿಕೊಳ್ಳುವುದು ಲೇಸು.

ಇನ್ನೊಂದು ಸಾಮಾನ್ಯ ಕಾರಣ, ದುರಾಶೆ. ಹತ್ತು ಲೀಟರಿನ ಬಕೆಟ್ಟು ತುಂಬಲು ಮೂವತ್ತು ಸೆಕೆಂಡು ಹಿಡಿದರೆ ಆ ಕೊಳವೆಯಿಂದ ದೊರೆಯುವುದು ನಿಮಿಷಕ್ಕೆ 20 ಲೀಟರು. ಹದಿನೈದು ಅಡಿ ದೂರಕ್ಕೆ ಅರ್ಧವೃತ್ತದಲ್ಲಿ ಚಿಮ್ಮುವ ಒಂದು ತಲೆಗೇ ಸುಮಾರು 7 ಲೀಟರು ಬೇಕಾಗಿರುವಾಗ, ಎರಡಕ್ಕೆ ಒದಗುವ ನೀರಿನಲ್ಲಿ ಆರನ್ನು ಏಕಕಾಲಕ್ಕೆ ಕುಣಿಸಹೋದರೆ ಆರೂ ಮಲಗುತ್ತವೆ. ಕೊಡಗು, ಚಿಕ್ಕಮಗಳೂರುಗಳ ರೊಬಸ್ಟಾ ತೋಟಗಳಲ್ಲಿ, ಫೆಬ್ರವರಿ–ಮಾರ್ಚಿನ ಹೂಮಳೆ ಕೈಕೊಟ್ಟ ವರ್ಷ ಕೆರೆಯ ನೀರನ್ನೆತ್ತಿ ಸ್ಪ್ರಿಂಕ್ಲರ್ ಹಾಯಿಸುವವರು ಇಡೀ ತೋಟವನ್ನು ಒಮ್ಮೆಗೇ ನೆನೆಸಹೋಗುವುದಿಲ್ಲ; ಕೆಲವೇ ಜೆಟ್ಟುಗಳನ್ನು ಓಡಿಸಿ, ಅಲ್ಲಿ ಮುಗಿದ ಬಳಿಕ ಪೈಪು ಕಳಚಿ ಮುಂದಕ್ಕೆ ಸಾಗಿಸುತ್ತಾರೆ. ಎಕರೆಗಟ್ಟಲೆ ತೋಟದವರು ಪಾಲಿಸುವ ಈ ಸಂಯಮವು ನಲವತ್ತಡಿ ಅಂಗಳದವರಿಗೆ ಏಕೆ ಒಗ್ಗದೋ ನಾನರಿಯೆ. ಎರಡು ವಾಲ್ವು ಹಾಕಿಸಿ ಅಂಗಳವನ್ನು ಎರಡು ಭಾಗ ಮಾಡಿಕೊಂಡರೆ ಮುಗಿಯಿತು.

ಇಷ್ಟೆಲ್ಲವನ್ನೂ ಬಿಟ್ಟು ಬೀದಿಯ ಕೊಳಾಯಿಗೇ ನೇರವಾಗಿ ಮೋಟಾರು ಹಚ್ಚುವವರಿದ್ದಾರೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಮೂರು ಹಂತಗಳಲ್ಲಿ ಮೇಲೆತ್ತಿ ತಂದ ಕಾವೇರಿಯನ್ನು ತನ್ನ ಹುಲ್ಲಿಗಾಗಿ ಹೀಗೆ ಹೀರುವಾತನು ಬೀದಿಯ ಕೊನೆಯ ಮನೆಯ ಅಡುಗೆಮನೆಯನ್ನು ಬರಿದುಮಾಡುತ್ತಾನೆ; ಅದಲ್ಲದೆ, ಮುಖ್ಯ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಕುಸಿದಾಗ ಅದರ ಬಿರುಕುಗಳ ಮೂಲಕ ಚರಂಡಿಯ ನೀರು ಒಳಸೇರಬಲ್ಲದು. ಜಲಮಂಡಳಿಯ ನಿಯಮ ಇದನ್ನು ನಿಷೇಧಿಸಿರುವುದು ನ್ಯಾಯವೇ ಸರಿ. ಪಂಪು ಅನಿವಾರ್ಯವಾದರೆ ಅದು ತನ್ನ ಸಂಪಿನಿಂದಲೇ ಎಳೆಯಲಿ.

2024ರ ಮಾರ್ಚಿನಲ್ಲಿ ಬರ ಬಿಗಿದಾಗ ಮಂಡಳಿಯು ಕೈತೋಟಕ್ಕೆ ಕುಡಿಯುವ ನೀರನ್ನು ಬಳಸುವುದನ್ನೇ ತಡೆದು 5,000 ರೂಪಾಯಿ ದಂಡ ವಿಧಿಸಿತು. ಆಗ ಕೆಲವರಿಗೆ ಅದು ಕ್ರೂರವಾಗಿ ಕಂಡಿತು. ನನಗೆ ತಡವಾಗಿ ಬಂದ ವಿವೇಕವಾಗಿ ಕಂಡಿತು. ಹುಲ್ಲಿಗೆ ಸಂಸ್ಕರಿಸಿದ ನೀರು ಧಾರಾಳವಾಗಿ ಸಾಕು. ಆದರೆ ಅದರಲ್ಲಿ ಸಣ್ಣ ಕಣಗಳು ಉಳಿದಿರಬಹುದಾದ್ದರಿಂದ, ಮೊದಲಿನಂತೆ ವರ್ಷಕ್ಕೊಮ್ಮೆಯಲ್ಲದೆ ವಾರಕ್ಕೊಮ್ಮೆ ಫಿಲ್ಟರು ಬಿಚ್ಚಿ ತೊಳೆಯುವ ಕೆಲಸವನ್ನು ಮಾಲಿಗೆ ವಹಿಸಬೇಕಾದೀತು, ಮಾಲಿಯಿಲ್ಲದವರು ತಾವೇ ಮಾಡಬೇಕಾದೀತು.