ಆರಿಸಿದವರು ಯಾರು?

ಕಾಲೇಜಿಗೆ ಹೋಗುವ ಹುಡುಗಿಗೆ ಏನಾದರೂ ತೊಂದರೆಯಾಯಿತೆಂದರೆ ನಮ್ಮ ಕಡೆ ಮೊದಲು ಬದಲಾಗುವುದು ಅವಳು ಹತ್ತುವ ಬಸ್ಸು. ಆಮೇಲೆ ಅವಳ ಉಡುಪು. ಅದೂ ಸಾಲದಾಗಿ ಗುಸುಗುಸು ಹೆಚ್ಚಾಯಿತೋ, ಕಾಲೇಜೇ ಬಂದ್; ಗಂಡು ಹುಡುಕಲು ಶುರು. ತೊಂದರೆ ಕೊಟ್ಟವನು ಮಾತ್ರ ಅದೇ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯುತ್ತಾನೆ, ಇಲ್ಲವೇ ಅದೇ ಕಪ್ಪುಹಲಗೆಯ ಮುಂದೆ ನಿಂತು ಪಾಠ ಹೇಳುತ್ತಾನೆ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಒಬ್ಬರ ಮನೆಯಲ್ಲಿ ಕೊಂಕಣಿ, ಒಬ್ಬರಲ್ಲಿ ನವಾಯತಿ, ಇನ್ನೊಬ್ಬರಲ್ಲಿ ಹವಿಗನ್ನಡ. ಪೂಜೆ ಬೇರೆ, ಊಟ ಬೇರೆ. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಪದ್ಧತಿ!

ಮನೆಯವರನ್ನಷ್ಟೇ ಅಂದು ಪ್ರಯೋಜನವಿಲ್ಲ. ದೊಡ್ಡವರ ಬುದ್ಧಿಯೂ ಇದೇ. 2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಆಗಿನ ಗೃಹಸಚಿವ ಆರಗ ಜ್ಞಾನೇಂದ್ರ ಅವರು, ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದ ಮಾತಾಡಿದರು. ಆಮೇಲೆ ಹಿಂತೆಗೆದುಕೊಂಡರು, ಇರಲಿ. ಅದರ ಬೆನ್ನಿಗೇ ಮೈಸೂರು ವಿಶ್ವವಿದ್ಯಾನಿಲಯ, ಸಂಜೆ ಆರೂವರೆಯ ಮೇಲೆ ಮಾನಸಗಂಗೋತ್ರಿಯಲ್ಲಿ ಹುಡುಗಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಅತ್ಯಾಚಾರ ನಡೆದದ್ದು ಬೆಟ್ಟದ ಬಳಿ. ಗಡಿಯಾರ ಕಟ್ಟಿದ್ದು ಓದುವ ಹುಡುಗಿಯರ ಕೈಗೆ. ಗಂಡುಮಕ್ಕಳು ಆರೂವರೆಗೆ ಒಳಗಿರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ತಮಾಷೆಯೆಂದರೆ, ಹೀಗೆ ಮಾಡಬಾರದೆಂಬ ನಿಯಮ ಆಗಲೇ ಇತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ರೂಪಿಸಿ 2016ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯಲ್ಲಿ, ಸುರಕ್ಷತೆಯ ಹೆಸರು ಹೇಳಿ ಗಂಡುಮಕ್ಕಳಿಗಿಲ್ಲದ ಕಟ್ಟುಪಾಡನ್ನು ಹಾಸ್ಟೆಲಿನ ಹುಡುಗಿಯರ ಮೇಲೆ ಹೇರಬಾರದೆಂದು ಸ್ಪಷ್ಟವಾಗಿ ಬರೆದಿದೆ. ಈ ನಿಯಮ ಮೇಲಿನಿಂದ ಉದುರಿದ್ದಲ್ಲ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಹೋದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೊಳಗಾದ ಭಂವರಿ ದೇವಿಯ ಪ್ರಕರಣದಿಂದ ಹೆಂಗಸರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1997ರಲ್ಲಿ ವಿಶಾಖಾ ತೀರ್ಪು ತಂದರು. ಅದರ ಬಲದಿಂದ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ 1999ರಲ್ಲಿ ಒಂದು ಸಮಿತಿಯಾಯಿತು. ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿ ಅದಕ್ಕೆ ಕಳಿಸುತ್ತಿದ್ದರು. 2017ರಲ್ಲಿ ಅದನ್ನು ಮುಚ್ಚಿ ಬೇರೆ ಸಮಿತಿ ಮಾಡಿದರು. ವಿದ್ಯಾರ್ಥಿಗಳು ಅದಕ್ಕೂ ಜಗಳವಾಡಿದರು.

2016ರ ನಿಯಮದಲ್ಲೂ ಈ ಅಂಶ ಉಳಿದಿದೆ. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಆಂತರಿಕ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳಿರಬೇಕು, ಅವರನ್ನು ಪಾರದರ್ಶಕವಾಗಿ, ಪ್ರಜಾಪ್ರಭುತ್ವದ ರೀತಿಯಲ್ಲಿ ಚುನಾಯಿಸಬೇಕು. ಸರಿ, ಆದರೆ ಕರ್ನಾಟಕದಲ್ಲಿ ಕಾಲೇಜು ಚುನಾವಣೆ ನಿಷೇಧವಾದದ್ದು 1989ರ ಸುಮಾರಿಗೆ! ಹಾಗಾದರೆ ಈ ಮೂವರನ್ನು ಆರಿಸುವವರು ಯಾರು? ಎದುರು ಮಾತಾಡದ, ಸ್ವಾಗತಗೀತೆ ಹಾಡುವ, ಮಾಸ್ತರರಿಗೆ ಒಪ್ಪಿಗೆಯಾದ ಮಕ್ಕಳ ಹೆಸರು ಬರೆದರಾಯಿತೇ?

ನನ್ನ ತಕರಾರು ಇಲ್ಲಿಯೇ ಇದೆ. ನಮ್ಮದು ಸಣ್ಣ ಊರುಗಳು. ಮಂಕಿಯಿಂದಲೋ ಗೇರುಸೊಪ್ಪೆಯಿಂದಲೋ ಪಾಸು ಹಿಡಿದು ಬರುವ ಹುಡುಗಿ ಆಫೀಸಿನಲ್ಲಿ ಒಂದು ಕಾಗದ ಕೊಟ್ಟರೆ, ಅವಳಿಗಿಂತ ಮೊದಲೇ ಸುದ್ದಿ ಅವಳ ಮನೆ ಸೇರುತ್ತದೆ. ಗುಮಾಸ್ತರು ಮಾವನ ಪರಿಚಯ, ಮಾಸ್ತರರು ಅಪ್ಪನ ಸಹಪಾಠಿ. ದೂರನ್ನು ಗುಟ್ಟಾಗಿಡಬೇಕೆಂದು ಕಾನೂನು ಹೇಳುತ್ತದೆ, ನಮ್ಮೂರಿನ ನಾಲಗೆ ಕೇಳಬೇಕಲ್ಲ! ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಕಾಲೇಜು ಬಿಡಿಸುತ್ತಾರೆಂಬ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡವಳಿಗೆ ಮೂರು ತಿಂಗಳು ಹೇಗೆ ಕಳೆಯಿತೆಂದು ತಿಳಿಯುವುದೇ ಇಲ್ಲ. ಮೀನುಬುಟ್ಟಿ ಹೊತ್ತು ಬಸ್ಸು ಹತ್ತುವ ಹೆಂಗಸರ ಮೇಲೆ ಯಾರಾದರೂ ಕೈಯಿಟ್ಟು ನೋಡಲಿ, ಮುಂದಿನ ಸ್ಟಾಪು ಬರುವುದರೊಳಗೆ ಅವನ ಜಾತಕ ಇಡೀ ಬಸ್ಸಿಗೆ ಗೊತ್ತಾಗಿರುತ್ತದೆ! ಓದಿಸುವ ನೆಪದಲ್ಲಿ ಆ ಬಾಯಿಯನ್ನೇ ನಾವು ನಮ್ಮ ಮಕ್ಕಳಿಂದ ಕಿತ್ತುಕೊಂಡಿದ್ದೇವೆ. ಇಂಥವಳು ಮೊದಲು ಹೇಳಿಕೊಳ್ಳುವುದು ಪ್ರಾಂಶುಪಾಲರಿಗಲ್ಲ, ಪಕ್ಕದ ಸೀಟಿನ ಗೆಳತಿಗೆ. ತಾವೇ ವೋಟು ಹಾಕಿ ಕಳಿಸಿದ ಒಬ್ಬಳು ಸಮಿತಿಯಲ್ಲಿದ್ದರೆ ಆ ಗೆಳತಿ ಅವಳ ಕೈಹಿಡಿದು ಕರೆದೊಯ್ದಾಳು.

ಚುನಾವಣೆಯೆಂದರೆ ಕಾಲೇಜಿಗೆ ರಾಜಕೀಯ ಬರುತ್ತದೆ ಎನ್ನುವವರಿದ್ದಾರೆ. ಈಗ ಬಂದಿಲ್ಲವೇ? 2024ರ ಏಪ್ರಿಲಿನಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಲೋಕಸಭಾ ಚುನಾವಣೆಯ ಕಾಲ. ಕೊಂದವನ ಮತದ ಬಗ್ಗೆ ಮೈಕು ಹಿಡಿದವರಿಗೆ ಲೆಕ್ಕವಿಲ್ಲ. ಹಿಂದೆ ಬಿದ್ದವನೊಬ್ಬನ ಬಗ್ಗೆ ಹುಡುಗಿಯೊಬ್ಬಳು ಯಾರಲ್ಲಿ ಹೇಳಿಕೊಳ್ಳಬೇಕು, ಹೇಳಿಕೊಂಡರೆ ಯಾರು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಮೈಕು ಸಿಗಲಿಲ್ಲ. ಭಟ್ಕಳದಲ್ಲೂ ಹೊನ್ನಾವರದಲ್ಲೂ ಮೊದಲ ಪ್ರಶ್ನೆ ಅದೇ: ಅವನು ಯಾರ ಪೈಕಿ? ನಮ್ಮವನಾದರೆ ಮುಚ್ಚು, ಅವರವನಾದರೆ ಮೆರವಣಿಗೆ. ಬುರ್ಖಾದವಳೂ ಕುಂಕುಮದವಳೂ ಒಂದೇ ಪೆಟ್ಟಿಗೆಗೆ ವೋಟು ಹಾಕಿ ಮೂವರನ್ನು ಆರಿಸಿದರೆ, ಆ ಮೂವರು ಬೇರೆ ಪ್ರಶ್ನೆ ಕೇಳಿಯಾರೆಂಬ ಆಸೆ ನನಗಿದೆ. ಅದನ್ನು ರಾಜಕೀಯವೆನ್ನುವುದಾದರೆ ಎನ್ನಲಿ.

ಪ್ರವೇಶದ ದಿನಗಳಲ್ಲಿ ನಾವು ತಾಯಂದಿರು ಫೀಸು ಕೇಳುತ್ತೇವೆ, ಯೂನಿಫಾರ್ಮಿನ ಬಣ್ಣ ಕೇಳುತ್ತೇವೆ, ಬಸ್‌ಪಾಸಿಗೆ ಫೋಟೋ ಎಷ್ಟೆಂದು ಕೇಳುತ್ತೇವೆ. ಅದೇ ಕಿಟಕಿಯಲ್ಲಿ ಇನ್ನೊಂದನ್ನೂ ಕೇಳಿರಿ: ಸಮಿತಿಯ ಮೂವರು ವಿದ್ಯಾರ್ಥಿಗಳು ಯಾರು, ಅವರನ್ನು ಆರಿಸಿದವರು ಯಾರು, ಯಾವ ದಿನ? ಸದಸ್ಯರ ಹೆಸರು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಿಯಮವೇ ಇದೆ. ಸರ್ಕಾರಿ ಕಾಲೇಜಾಗಿದ್ದು ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಬಹುದು. ಅವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು.