ಉಣಲೊಲ್ಲದ ರೋಗ ಮತ್ತು ನಮ್ಮ ದಾಸೋಹ



ಕೆಲವು ವರುಷಗಳ ಹಿಂದೆ ಕವಿತಾಳದಲ್ಲಿ ಶ್ರಾವಣ ಮಾಸದ ಪ್ರವಚನ ನಡೆದಿತ್ತು. ನಿತ್ಯವೂ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಕಾಲೇಜು ಕನ್ಯೆಯೊಬ್ಬಳು ಪ್ರಸಾದದ ಪಂಕ್ತಿಗೆ ಮಾತ್ರ ಕೂಡುತ್ತಿರಲಿಲ್ಲ. "ಒಪ್ಪತ್ತು ಮಾಡ್ತಾಳ್ರಿ" ಎಂದರು ಯಾರೋ. ಇಷ್ಟು ಕಿರಿಯ ವಯಸ್ಸಿನಲ್ಲಿ ಇಂತಹ ಇಂದ್ರಿಯನಿಗ್ರಹವೇ ಎಂದು ನಾನು ವೇದಿಕೆಯ ಮೇಲಿನಿಂದಲೇ ಆಕೆಯನ್ನು ಕೊಂಡಾಡಿದೆನು. ದೀಪಾವಳಿಯ ಹೊತ್ತಿಗೆ ಆಕೆಯ ತಾಯಿ ಬಂದು, "ಅಜ್ಜಾರ, ರೊಟ್ಟಿ ಮುಟ್ಟೂದ ಬಿಟ್ಟಾಳ್ರಿ. ಉಣ್ಣು ಅಂದ್ರ, ಅಜ್ಜಾರೇ ಹೊಗಳ್ಯಾರ ಅಂತಾಳ" ಎಂದು ಕಣ್ಣೀರಿಟ್ಟಳು. ಮಾಸಿಕ ಧರ್ಮ ನಿಂತು ನಾಲ್ಕು ತಿಂಗಳಾಗಿತ್ತು. ಹೊಟ್ಟೆಯ ರೋಗವೆಂದು ಬಾಟಲಿ ಏರಿಸಿದ್ದರು. ಗಾಳಿ ಸೋಕಿದೆಯೆಂದು ತಾಯಿತವನ್ನೂ ಕಟ್ಟಿದ್ದರು. ಕೊನೆಗೆ ಮನೋವೈದ್ಯರೊಬ್ಬರು ಅದರ ಹೆಸರು ಹೇಳಿದರು: ಅನೊರೆಕ್ಸಿಯಾ ನರ್ವೋಸಾ.

ಇದು ಹಟವಲ್ಲ, ವ್ರತವೂ ಅಲ್ಲ. ಹಸಿವನ್ನು ಅದುಮಿಟ್ಟು ದೇಹವನ್ನು ಸೊರಗಿಸುವ ಮನೋವ್ಯಾಧಿ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿಯೇ ಇದಕ್ಕೆ ಈ ಹೆಸರಿಟ್ಟನು. ಅತಿಯಾಗಿ ಉಂಡು ಬಳಿಕ ಗುಟ್ಟಾಗಿ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಎಂಬುದು ಇದರ ಸೋದರ ವ್ಯಾಧಿ. ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ಮನೋವ್ಯಾಧಿಗಳಲ್ಲಿ ಅತ್ಯಂತ ಮಾರಕವಾದವುಗಳಲ್ಲಿ ಇವೂ ಸೇರಿವೆ. ಬಹುದಿನ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದೂ ಅಪಾಯವೇ. ರಕ್ತದಲ್ಲಿನ ರಂಜಕದ ಅಂಶ ಕುಸಿಯುತ್ತದೆ. ವೈದ್ಯರ ನಿಗಾದಲ್ಲಿ ತಂದೆತಾಯಿಗಳೇ ಪಕ್ಕದಲ್ಲಿ ಕುಳಿತು, ಬೈಯದೆ, ಹೊತ್ತುಹೊತ್ತಿಗೆ ಉಣಿಸುವ ಕುಟುಂಬ ಚಿಕಿತ್ಸೆಯು ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಆ ತಾಯಿಯೂ ಮಗಳ ಬದಿಯಲ್ಲಿ ಎರಡು ವರುಷ ಹೀಗೆಯೇ ಕುಳಿತಳು. ಮಗಳು ಉಳಿದಳು.

ಇಂತಹ ಅರಿವು ತಾನಾಗಿ ಬರುವುದಿಲ್ಲ. 17 ದೇಶಗಳ 16,992 ರೋಗಿಗಳ ವಂಶವಾಹಿಗಳನ್ನು ಕೂಡಿ ಶೋಧಿಸಿದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಈ ವ್ಯಾಧಿಯ ಬೇರು ಮನಸ್ಸಿನಲ್ಲಷ್ಟೇ ಅಲ್ಲದೆ ದೇಹದ ಚಯಾಪಚಯದಲ್ಲಿಯೂ ಇರಬಹುದೆಂದು ಅದು ತೋರಿಸಿತು. ಅದಕ್ಕೆ ಬೇಕಾದ ಮಾದರಿಗಳ ಸಂಗ್ರಹಕ್ಕೆ ಬಹುವಾಗಿ ನೆರವಾದದ್ದು ಅಮೆರಿಕದ ಕ್ಲಾರ್ಮನ್ ಎಂಬ ಒಂದು ಕುಟುಂಬದ ದತ್ತಿನಿಧಿ. ಆದರೆ ಪರೀಕ್ಷಿಸಲ್ಪಟ್ಟವರೆಲ್ಲರೂ ಐರೋಪ್ಯ ಮೂಲದವರೇ. ನಮ್ಮ ಮಕ್ಕಳ ಕಥೆ ಅಲ್ಲಿಲ್ಲ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಅವರು ಇಂಗ್ಲೆಂಡಿನ ರಾಬರ್ಟ್ ಪಾಮರ್ ಮೊದಲಾದವರೊಡಗೂಡಿ ಆ ನಗರದ 66 ಮನೋವೈದ್ಯರನ್ನು ವಿಚಾರಿಸಿದಾಗ, ಮೂರರಲ್ಲಿ ಎರಡು ಪಾಲು ವೈದ್ಯರು ಇಂತಹ ರೋಗಿಗಳನ್ನು ಕಂಡಿದ್ದರು. ಆ ವರದಿ 2012ರಲ್ಲಿ ಪ್ರಕಟವಾಯಿತು. ಅದು ಮಹಾನಗರದ ಮಾತು. ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಿ ಹಸಿವಿನ ಬಡತನವೂ ಒಪ್ಪತ್ತಿನ ಆಚಾರವೂ ಒಂದೇ ಮನೆಯಲ್ಲಿರುವಾಗ, ಪರದೇಶದ ಪ್ರಶ್ನಾವಳಿಯನ್ನು ಹಿಡಿದುಕೊಂಡು ಬಂದವರಿಗೆ ವ್ಯಾಧಿ ಯಾವುದು, ನೇಮ ಯಾವುದು ಎಂದು ತಿಳಿಯುವುದಾದರೂ ಹೇಗೆ? ನನಗೇ ತಿಳಿಯಲಿಲ್ಲವಲ್ಲ!

ಹಳ್ಳಿಯಲ್ಲಿ ಸಂಶೋಧನೆ ಸಾಧ್ಯವೇ ಎಂದು ಸಂಶಯಪಡುವವರು ನೆರೆಯ ಬಳ್ಳಾರಿಯನ್ನು ನೆನೆಯಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ರಾಯಚೂರಿನಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಕಲಬುರಗಿ, ಬೆಳಗಾವಿ, ವಿಜಯಪುರ, ದಾವಣಗೆರೆಗಳಲ್ಲಿ ನಮ್ಮ ಸಮಾಜದ ಹಿರಿಯರು ಕಟ್ಟಿದ ವೈದ್ಯಕೀಯ ಕಾಲೇಜುಗಳಿವೆ. ಇವು ಬೇರೆಬೇರೆಯಾಗಿ ಬರೆದಿಡುವ ಹತ್ತಿಪ್ಪತ್ತು ರೋಗಿಗಳ ವಿವರ ಒಂದೆಡೆ ಸೇರಿದರೆ ಮಾತ್ರ ಅರ್ಥ ಹೊರಡುತ್ತದೆ. ಅದಕ್ಕೆ ಬೇಕಾದುದು ಮಹಾ ಕಟ್ಟಡವೇನಲ್ಲ: ನಮ್ಮ ಸೀಮೆಯ ಆಡುಮಾತಿನಲ್ಲಿ ಪ್ರಶ್ನಾವಳಿ, ಊರೂರು ತಿರುಗುವ ಸಂಶೋಧಕರಿಗೆ ವೇತನ, ಬಡ ತಾಯಿತಂದೆಗಳಿಗೆ ಬಸ್ಸಿನ ಖರ್ಚು. ಜಾತ್ರೆಯ ಮದ್ದು ಸುಡುವುದಕ್ಕೆ ನಾವು ಪಟ್ಟಿ ಎತ್ತುವುದಿಲ್ಲವೇ? ಮಠದಲ್ಲಿ ಬೆಳೆದ ನಾನು ಅನ್ನದಾಸೋಹವನ್ನು ಕಡಿಮೆ ಮಾಡಿರೆಂದು ಎಂದಿಗೂ ಹೇಳಲಾರೆ. ಬಡಿಸಿದರೂ ಉಣಲಾರದ ಮಕ್ಕಳಿಗಾಗಿ ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಲಿ ಎಂದಷ್ಟೇ ಬಿನ್ನಹ.

ಬರುವ ಶ್ರಾವಣದ ಸಭೆಯಲ್ಲಿ ಈ ವಿಷಯವನ್ನು ನಾನೇ ಮುಂದಿಡುವವನಿದ್ದೇನೆ. ಅಷ್ಟರೊಳಗೆ ಯಾರ ಮನೆಯಲ್ಲಾದರೂ ಮಗುವೊಂದು ತಟ್ಟೆಯ ಮುಂದಿನಿಂದ ದಿನವೂ ಎದ್ದುಹೋಗುತ್ತಿದ್ದರೆ, 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ, 14416ಕ್ಕೆ, ಕರೆ ಮಾಡಿ ಕೇಳಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ.