ಚಿಂಚೋಳಿಯ ಕಾಡಿಗೆ ಕಿವಿಗೊಡುವವರು ಯಾರು?

ಭಂಕೂರಿನಲ್ಲಿ ಸದ್ದಿಗೆ ಬರವಿಲ್ಲ. ಶಹಾಬಾದಿನ ಮಗ್ಗುಲಿಗೇ ಇರುವ ಈ ಊರಿನ ಸುತ್ತ ನೆಲವೆಂದರೆ ಸುಣ್ಣಕಲ್ಲು. ಫರಸಿಯನ್ನು ಪದರ ಪದರವಾಗಿ ಎಬ್ಬಿಸುವ ಹಾರೆ–ಸುತ್ತಿಗೆಗಳ ಸದ್ದು, ಅದನ್ನು ಕೊಯ್ಯುವ ಯಂತ್ರದ ಕಿರುಚಾಟ, ಮುಂಬೈ–ಚೆನ್ನೈ ಮಾರ್ಗದ ಗೂಡ್ಸ್ ರೈಲು, ವಾಡಿಯ ಸಿಮೆಂಟಿನ ಲಾರಿಗಳು. ಇಲ್ಲಿಂದ ಈಶಾನ್ಯಕ್ಕೆ, ತೊಗರಿಯ ಕರಿಹೊಲಗಳನ್ನು ದಾಟಿ ತೆಲಂಗಾಣದ ಗಡಿಯತ್ತ ಸಾಗಿದರೆ ಚಿಂಚೋಳಿಯ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂಬ ಹೆಸರು ಅದಕ್ಕಿದೆ. ಒಂದೇ ಜಿಲ್ಲೆಯಲ್ಲಿ ಒಂದು ತುದಿಗೆ ನೆಲವನ್ನು ಅಗೆದು ಸಾಗಿಸಲಾಗುತ್ತಿದೆ, ಇನ್ನೊಂದು ತುದಿಗೆ ನೆಲವನ್ನು ಕಾನೂನಿನ ಬೇಲಿಯೊಳಗೆ ಇರಿಸಲಾಗಿದೆ. ಈ ಎರಡು ತುದಿಗಳ ನಡುವಿನ ಕಥೆಯನ್ನು ಕಿವಿಗೆ ಕೇಳಿಸುವ ಒಂದು ಸರಣಿ ಕನ್ನಡದಲ್ಲಿ ಬರಬೇಕಾದ ಕಾಲ ಬಂದಿದೆ.

ಮಲೆನಾಡಿನ ಓದುಗರಿಗೆ ಕಲಬುರಗಿಯೆಂದರೆ ಬಿಸಿಲು ಮತ್ತು ತೊಗರಿಬೇಳೆ. ಕಾಡೆಂದರೆ ಹಸಿರು ಎಂಬ ಅಭ್ಯಾಸದ ಕಣ್ಣಿಗೆ, ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವ ಈ ಎಲೆಯುದುರುವ ಕಾಡು ಕಾಡಾಗಿಯೇ ಕಾಣುವುದಿಲ್ಲ. ದೂರದರ್ಶನದ ಕ್ಯಾಮೆರಾ ಬಂದರೂ ಅದು ಬರುವುದು ಮಳೆಗಾಲದಲ್ಲಿ, ಎತ್ತಿಪೋತ ಜಲಪಾತಕ್ಕೆ ಅಥವಾ ಚಂದ್ರಂಪಳ್ಳಿ ಜಲಾಶಯದ ದಂಡೆಗೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಬದುಕಿರುವ ಸೀಮೆಗೆ ಒಂದು ಜಲಪಾತವೇ ಗುರುತಾಗಿ ಉಳಿಯುವುದು ಅನ್ಯಾಯ. ಕಿವಿಯಾದರೋ ಹಸಿರನ್ನು ಬೇಡುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ತೇಗದೆಲೆಯ ಮೇಲೆ ಒಂದು ಓತಿಕ್ಯಾತ ಓಡಿದರೂ ದೊಡ್ಡ ಪ್ರಾಣಿಯೊಂದು ನಡೆದಂತೆ ಕೇಳಿಸುತ್ತದೆ. ಗೌಜಲಹಕ್ಕಿಯ ಕೂಗು, ಟಿಟ್ಟಿಭದ ಗಾಬರಿ, ನವಿಲಿನ ಕೇಕೆ: ಇವೆಲ್ಲ ಬೋಳು ಕಾಡಿನಲ್ಲಿಯೇ ಹೆಚ್ಚು ದೂರ ಸಾಗುತ್ತವೆ.

ಕಣ್ಣಿಗಿಂತ ಕಿವಿ ಸತ್ಯಕ್ಕೆ ಹತ್ತಿರವೆಂಬುದಕ್ಕೆ ಹೊರಗಿನ ನಿದರ್ಶನವೊಂದಿದೆ. ಅಮೆರಿಕದ ಬರ್ನಿ ಕ್ರಾಸ್ ಎಂಬ ಧ್ವನಿಮುದ್ರಕರು 1988ರಲ್ಲಿ ಸಿಯೆರಾ ನೆವಾಡಾದ ಲಿಂಕನ್ ಮೆಡೋ ಎಂಬ ಹುಲ್ಲುಗಾವಲಿನಲ್ಲಿ ಮುಂಜಾವಿನ ಸದ್ದನ್ನು ಮುದ್ರಿಸಿಕೊಂಡರು. ಆಯ್ದ ಮರಗಳನ್ನಷ್ಟೇ ಕಡಿಯುವುದರಿಂದ ಕಾಡಿಗೆ ಬಾಧೆಯಿಲ್ಲವೆಂದು ಮರದ ಕಂಪನಿ ಹೇಳಿತ್ತು. ಮರುವರ್ಷ ಅದೇ ಋತುವಿನಲ್ಲಿ ಅವರು ಮರಳಿದಾಗ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಭಾವಚಿತ್ರಗಳಲ್ಲಿಯೂ ಕಾಡು ಹಾಗೆಯೇ ಇತ್ತು. ಧ್ವನಿಮುದ್ರಿಕೆಯಲ್ಲಿ ಮಾತ್ರ ಹಕ್ಕಿಗಳ ಮೇಳ ಬಹುಮಟ್ಟಿಗೆ ಅಡಗಿಹೋಗಿತ್ತು. ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ರಂದು ನಿಂತಿತು. ನಿಂತ ಮೇಲೆ ಆ ಕಣಿವೆಯ ಸದ್ದು ಹೇಗೆ ಬದಲಾಯಿತೆಂಬುದು ಅಲ್ಲಿ ಬದುಕಿದವರ ನೆನಪಿನಲ್ಲಿದೆ. ನೆನಪು ಹಿರಿಯರೊಂದಿಗೆ ಹೋಗಿಬಿಡುತ್ತದೆ. ಚಿಂಚೋಳಿಯಲ್ಲಾದರೂ ಅದೇ ಜಾಗ, ಅದೇ ತಿಂಗಳು, ಅದೇ ಹೊತ್ತಿನಲ್ಲಿ ವರ್ಷ ವರ್ಷವೂ ಮುದ್ರಿಸಿದ ಧ್ವನಿಗಳ ಒಂದು ಭಂಡಾರವಿರಬೇಕು. ಸರಣಿಯ ಮೊದಲ ಫಲ ಅದು, ಕಾರ್ಯಕ್ರಮ ಆನಂತರದ್ದು.

ಕನ್ನಡದಲ್ಲಿ ಇಂಥ ಕೃತಿಯನ್ನು ಧ್ವನಿ ಸಾಕ್ಷ್ಯಚಿತ್ರವೆನ್ನುವುದುಂಟು. ಚಿತ್ರವೇ ಇಲ್ಲದ ಸಾಕ್ಷ್ಯಚಿತ್ರ! ಬಾನುಲಿಯವರ ಹಳೆಯ ಮಾತಾದ ‘ರೂಪಕ’ವೇ ವಾಸಿ. ಆದರೆ ಆ ರೂಪಕಗಳ ರೂಢಿಯೂ ಈಗ ಸಾಕೆನಿಸುವಂತಿದೆ: ಆರಂಭಕ್ಕೊಂದು ಕೊಳಲು, ಅದರ ಹಿಂದೆ ಗ್ರಂಥಸ್ಥ ಕನ್ನಡದ ಗಂಭೀರ ಕಂಠ, ನಡುವೆ ಅಧಿಕಾರಿಯೊಬ್ಬರ ಹೇಳಿಕೆ, ಕೊನೆಗೆ ಕಾಡನ್ನು ಉಳಿಸೋಣವೆಂಬ ಕರೆ. ಕಾಡಿನೊಳಗೂ ಅಂಚಿನಲ್ಲೂ ತಾಂಡಾಗಳಿವೆ. ಅಲ್ಲಿನ ಲಂಬಾಣಿ ಮುದುಕಿ ಮಾತಾಡಲು ತೊಡಗಿದೊಡನೆ ಆಕೆಯ ದನಿಯನ್ನು ತಗ್ಗಿಸಿ ಅನುವಾದದ ದನಿಯನ್ನು ಏರಿಸುವುದು ರೂಢಿ. ಲಂಬಾಣಿ ಭಾಷೆಗೆ ಸ್ವಂತ ಲಿಪಿಯಿಲ್ಲ; ಅದು ಇರುವುದೇ ಕಂಠದಲ್ಲಿ. ಅದನ್ನು ಅಡಗಿಸಿದರೆ ಉಳಿಯುವುದೇನು? ಆಕೆಯ ಮಾತು ಪೂರ್ತಿ ಕೇಳಲಿ, ಅರ್ಥ ಆಮೇಲೆ ಬರಲಿ. ತೆಲುಗು, ದಖನಿ ಉರ್ದುಗಳ ಮಾತಿಗೂ ಅದೇ ನ್ಯಾಯ ಸಲ್ಲಬೇಕು.

ತಾಂಡಾಗಳ ಪ್ರಶ್ನೆಯಲ್ಲಿಯೇ ಈ ಕೆಲಸದ ನಿಜವಾದ ಇಕ್ಕಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಗಳಿಗೆ ಸೇರದವರು, 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಹಾಗಾಗಿ ಈ ಷರತ್ತು ಅವರಿಗೆ ಅನ್ವಯಿಸುತ್ತದೆ. ನಿಜಾಮನ ಕಾಲದ ಕಾಗದ ತಾಂಡಾದ ಗುಡಿಸಲಿನಲ್ಲಿ ಎಲ್ಲಿಂದ ಬರಬೇಕು? ಕಾಯ್ದೆಯ 2008ರ ನಿಯಮಗಳು ಹಿರಿಯರ ಹೇಳಿಕೆಯನ್ನು, ಬರಹಕ್ಕಿಳಿಸಿದರೆ, ಸಾಕ್ಷ್ಯವೆಂದು ಒಪ್ಪುತ್ತವೆ. ಹಳೆಯ ಬಾವಿ, ಸತ್ತವರನ್ನು ಮಣ್ಣು ಮಾಡಿದ ಜಾಗ, ಸೇವಾಲಾಲರ ಪೂಜೆ ನಡೆಯುತ್ತಿದ್ದ ಮರ: ಧ್ವನಿಯಲ್ಲಿ ದಾಖಲಾದ ಇಂಥ ನೆನಪು ಮುಂದೆ ಗ್ರಾಮಸಭೆಯ ಕಡತಕ್ಕೆ ಆಧಾರವಾದೀತು.

ಆದರೆ ಅದೇ ಮೈಕು ಎರಡು ಕಡೆಗೂ ಹರಿತವಾದ ಕತ್ತಿ. ಹಿರಿಯರೊಬ್ಬರು ಸಹಜವಾಗಿ “ಈ ಗುಡ್ಡದಾಗೇ ದನ ಮೇಯಿಸ್ತೀವಿ, ಕಟಿಗಿ ತರ್ತೀವಿ” ಎಂದರೆ, ವನ್ಯಜೀವಿಧಾಮದೊಳಗೆ ಆ ಮಾತು ತಪ್ಪೊಪ್ಪಿಗೆಯಾಗಬಹುದು. ನಗರದಿಂದ ಬಂದ ತಂಡ ಪ್ರಶಸ್ತಿ ಪಡೆದು ಮರಳುತ್ತದೆ. ಮೊಕದ್ದಮೆ ಬಿದ್ದರೆ ಬೀಳುವುದು ಮಾತಾಡಿದವರ ಮೇಲೆ. ಆದ್ದರಿಂದ ಹೆಸರು ಬೇಕೇ, ಊರು ಬೇಕೇ, ಯಾವ ಮಾತು ಉಳಿಯಬೇಕು ಎಂಬುದನ್ನು ಮಾತಾಡಿದವರೇ, ತಮ್ಮ ಮಾತನ್ನು ಮರಳಿ ಕೇಳಿಸಿಕೊಂಡ ಮೇಲೆ, ನಿರ್ಧರಿಸಬೇಕು. ಪ್ರಾಣಿಗಳಿಗೆ ಹಾಗೆ ಕೇಳಲು ಬಾಯಿಲ್ಲ. ತೋಳದ ಗವಿಯ ದಿಕ್ಕು ಕೂಡ ಕಾರ್ಯಕ್ರಮದಲ್ಲಿ ಬರಬಾರದು, ಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಚಾಳಿಯಂತೂ ಕೂಡದು.

ಅನುಮತಿಯ ವಿಚಾರವೂ ವಿಚಿತ್ರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಪ್ರಕರಣ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸಗಳಿಗೆ ಪ್ರವೇಶದ ಪರವಾನಗಿ ಕೊಡಬಹುದೆನ್ನುತ್ತದೆ. 2022ರ ತಿದ್ದುಪಡಿ ಚಲನಚಿತ್ರ ತಯಾರಿಕೆಯನ್ನೂ ಸೇರಿಸಿತು. ಧ್ವನಿಮುದ್ರಣದ ಹೆಸರು ಅಲ್ಲಿಲ್ಲ. ಕೇಳಲೆಂದು ಯಾರಾದರೂ ಕಾಡಿಗೆ ಬಂದಾರೆಂಬ ಊಹೆಯೇ ಕಾನೂನಿಗಿಲ್ಲ. ಅಧ್ಯಯನದ ಹೆಸರಿನಲ್ಲಿಯೇ ಅರ್ಜಿ ಹಾಕಬೇಕು.

ಪ್ರಸಾರ ಎಲ್ಲಿ? ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ ಸಾರಿತು. ಕಾಡು, ಕೆರೆ, ಗಾಯರಾಣಗಳ ಸಾಲಿಗೆ ಆಕಾಶವೂ ಸೇರಿತು ಎನ್ನಬಹುದು. ಆದರೂ ಸಂಘಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಪರವಾನಗಿಯ ಗೊಡವೆಯಿಲ್ಲದೆ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿತ್ತು. ಚಿಂಚೋಳಿಯ ಗಡಿಯಾಚೆ, ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ, ದಲಿತ ಮಹಿಳೆಯರ ‘ಸಂಘಂ ರೇಡಿಯೋ’ 2008ರ ಅಕ್ಟೋಬರಿನಲ್ಲಿ ಆರಂಭವಾಯಿತು. ಒಣಬೇಸಾಯ, ಬೀಜ, ಸೊಪ್ಪುಗಳ ಮಾತನ್ನು ಬೇಸಾಯಗಾರ್ತಿಯರೇ ಆಡಿದ ನಿಲಯವದು. ಚಿಂಚೋಳಿಯ ಸರಣಿಗೆ ಗುರುಗಳು ಬೇಕಿದ್ದರೆ ಬೆಂಗಳೂರಿನ ಸ್ಟುಡಿಯೋಗಳಿಗಿಂತ ಅಲ್ಲಿ ಹುಡುಕುವುದು ಲೇಸು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿಯ ಪ್ರಸಾರ ನಿಷಿದ್ಧವೆಂಬ ತೊಡಕಂತೂ ಇದೆ. ಒಕ್ಕಲೆಬ್ಬಿಸುವ ನೋಟೀಸು ಸುದ್ದಿಯೋ ಬದುಕೋ ಎಂಬುದನ್ನು ಯಾರು ತೀರ್ಮಾನಿಸಬೇಕು?

ಈ ಹಣವನ್ನು ಗಿಡ ನೆಡಲೋ ವಕೀಲರಿಗೋ ಬಳಸಬಾರದೇ ಎನ್ನುವವರಿದ್ದಾರೆ. ಅವರ ಆಕ್ಷೇಪ ಹಗುರವಾದುದಲ್ಲ. ಆದರೆ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆಂದು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಎತ್ತಿಡಲಾಗಿತ್ತು. ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಹೋರಾಟದೊಂದಿಗೆ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಕಿತ್ತು ಬೇಕಾದ ಗಿಡ ಹಚ್ಚಿದ ಜನ ಬೇಕಾದರು. ಆ ನೆಲ ತಮ್ಮದೆಂದು ಅವರಿಗೆ ಗೊತ್ತಿತ್ತು. ಭಂಕೂರಿನ ಕಲ್ಲುಗಣಿಯಲ್ಲಿ ದುಡಿಯುವವರಿಗೆ ಚಿಂಚೋಳಿಯ ಕಾಡು ತಮ್ಮದೆಂದು ಅನಿಸಿದೆಯೇ? ತಮ್ಮೂರಿನ ಗಾಯರಾಣ ಎಲ್ಲಿತ್ತೆಂದು ನೆನಪಿದೆಯೇ? ಮೊದಲ ಕಂತು ಕಾಡಿನಿಂದಲ್ಲ, ಅಲ್ಲಿಂದಲೇ, ಫರಸಿಯ ಮೇಲೆ ಬೀಳುವ ಸುತ್ತಿಗೆಯ ಸದ್ದಿನಿಂದಲೇ ಆರಂಭವಾಗಬೇಕು.

ಎಲೆಯುದುರುವ ಫೆಬ್ರುವರಿ–ಮಾರ್ಚ್‌ನಲ್ಲಿ ಮುದ್ರಣ ಶುರುವಾದರೆ ಬೇಸಿಗೆಯ ಮೌನವೂ ಮೊದಲ ಮಳೆಯ ಕಪ್ಪೆಗಳೂ ಒಂದೇ ವರ್ಷದಲ್ಲಿ ದಕ್ಕುತ್ತವೆ. ಮೈಕು ಎಲ್ಲಿಡಬೇಕೆಂದು ದನ ಕಾಯುವವರನ್ನೂ ಅರಣ್ಯ ಕಾವಲುಗಾರರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿಯೇ ಇಡಬಹುದು.